ಊರ ಚರಿತ್ರೆಯೂ ಸತ್ಯದ ಸೇವೆಯೂ

ಧರ್ಮಕೇಂದ್ರವೊಂದಕ್ಕೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆದಿಡಬೇಕೆಂಬ ಹಂಬಲ ಮೂಡುವುದು ಸಹಜ. ಹಿರಿಯರ ಬಾಯಿಂದ ಕೇಳಿದ್ದು, ಹಳೆಯ ಸಂಚಿಕೆಗಳಲ್ಲಿ ಓದಿದ್ದು, ಈಚೆಗೆ ಅಂತರ್ಜಾಲದಲ್ಲಿ ಕಂಡದ್ದು ಎಲ್ಲವೂ ಒಂದೆಡೆ ಸೇರುತ್ತವೆ. ಆದರೆ ಒಬ್ಬರು ಬರೆದುದನ್ನು ಹತ್ತು ಮಂದಿ ನಕಲು ಮಾಡಿದರೆ ಹತ್ತು ಸಾಕ್ಷಿಗಳಾಗುವುದಿಲ್ಲ, ಸಾಕ್ಷಿ ಒಂದೇ. ಇಂದು ಈ ಸಂಚಿಕೆಯಲ್ಲಿ ಅಚ್ಚಾದುದನ್ನೇ ನಾಳಿನವರು ಆಧಾರವೆಂದು ಎತ್ತಿ ಹೇಳುವರು. ಆದುದರಿಂದ ಊರಿನ ಚರಿತ್ರೆಯನ್ನು ಒರೆಗೆ ಹಚ್ಚಿ ನೋಡುವುದು ನಮ್ಮ ಮೇಲಿರುವ ಋಣ.

ಸಂತ ಲೂಕರು ತಮ್ಮ ಶುಭಸಂದೇಶದ ಆರಂಭದಲ್ಲಿಯೇ, ಕಣ್ಣಾರೆ ಕಂಡವರಿಂದ ಬಂದ ಸಂಗತಿಗಳನ್ನು ಮೊದಲಿನಿಂದ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ಥೆಯೊಫಿಲನಿಗೆ ತಿಳಿಸುತ್ತಾರೆ. ಜಗದ್ಗುರು 13ನೆಯ ಲಿಯೋರವರು 1881ರಲ್ಲಿ ವ್ಯಾಟಿಕನ್ನಿನ ದಾಖಲೆ ಭಂಡಾರವನ್ನು ವಿದ್ವಾಂಸರಿಗೆ ತೆರೆದರು. ಚರಿತ್ರೆ ಬರೆಯುವವನು ಸುಳ್ಳಿಗೆ ಕೈಹಾಕಬಾರದು, ನಿಜ ನುಡಿಯಲು ಹಿಂಜರಿಯಬಾರದು ಎಂಬ ಪ್ರಾಚೀನ ನಿಯಮವನ್ನು 1883ರ ಪತ್ರದಲ್ಲಿ ನೆನಪಿಸಿದರು. ಈ ನಿಯಮದ ಎರಡು ಭಾಗಗಳೂ ನಮಗೆ ಬೇಕು.

ಮೊದಲನೆಯದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಹಾಸನದ ಸಮೀಪ, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲದಲ್ಲಿ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಹಳೆಯ ದೇವಾಲಯದ ಚಿತ್ರವನ್ನು ನೋಡದವರು ವಿರಳ. ಅದನ್ನು ಫ್ರೆಂಚ್ ಗುರುಗಳು 1860ರ ಸುಮಾರಿಗೆ ಕಟ್ಟಿದರೆಂದು ಒಂದೆಡೆ ಓದುತ್ತೇವೆ. ಅಬ್ಬೆ ದುಬ್ವಾ ಸ್ವಾಮಿಗಳು ಕಟ್ಟಿಸಿದರೆಂದು ಇನ್ನೊಂದೆಡೆ. ಎರಡನ್ನೂ ಬೆಸೆದು ಒಂದೇ ವಾಕ್ಯವಾಗಿ ಬರೆದರೆ ಏನಾಗುತ್ತದೆ? ದುಬ್ವಾ ಸ್ವಾಮಿಗಳು 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮರಳಿ ಕೂಡಿಸಿದವರು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿ 1848ರಲ್ಲಿ ಕಾಲವಾದವರು. ತೀರಿಕೊಂಡು ಹನ್ನೆರಡು ವರ್ಷ ಕಳೆದ ಬಳಿಕ ಅವರು ದೇವಾಲಯ ಕಟ್ಟಿಸಲಾರರು. ಹಾಗೆಯೇ 1960ರಲ್ಲಿ ಅಣೆಕಟ್ಟೆಯ ನೀರು ಊರನ್ನು ನುಂಗಿತೆಂದು ಬರೆಯುವವರಿದ್ದಾರೆ. ಗೊರೂರಿನ ಆ ಅಣೆಕಟ್ಟೆ ಪೂರ್ಣಗೊಂಡುದು 1979ರಲ್ಲಿ. ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಧರ್ಮಪ್ರಾಂತಗಳ ಇಸವಿಗಳೂ ಇಂತಹ ಅಳತೆಗೋಲುಗಳೇ. ಮೈಸೂರು ಧರ್ಮಪ್ರಾಂತವಾದುದು 1886ರಲ್ಲಿ, ಬೆಂಗಳೂರು 1940ರಲ್ಲಿ. 1900ರಲ್ಲಿ ಬೆಂಗಳೂರು ಧರ್ಮಪ್ರಾಂತದ ಧರ್ಮಾಧ್ಯಕ್ಷರು ಗುಡಿಯನ್ನು ಆಶೀರ್ವದಿಸಿದರೆಂಬ ಮಾತು ಕಂಡರೆ ಅಲ್ಲಿ ಎಡವಟ್ಟಾಗಿದೆಯೆಂದೇ ತಿಳಿಯಬೇಕು. ಗಂಟೆಯ ಮೇಲಿನ ಇಸವಿ ಗಂಟೆಯನ್ನು ಎರಕ ಹೊಯ್ದ ವರ್ಷವೇ ಹೊರತು ಗುಡಿ ಕಟ್ಟಿದ ವರ್ಷವಾಗಬೇಕಾಗಿಲ್ಲ. ಗೋಡೆಯ ಕಲ್ಲು ಕೆಲವೊಮ್ಮೆ ಜೀರ್ಣೋದ್ಧಾರದ ವರ್ಷವನ್ನು ಮಾತ್ರ ಹೇಳುತ್ತದೆ.

ನಮ್ಮ ಬಳಿ ಇರುವ ಅತ್ಯಂತ ಬೆಲೆಯುಳ್ಳ ಸಾಕ್ಷಿ ದಾಖಲೆ ಪುಸ್ತಕಗಳು. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪ್ರತಿ ವಿಚಾರಣಾ ಗುರುವೂ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ಕಟ್ಟಳೆ ಮಾಡಿತು. ಲತೀನಿನಲ್ಲಿರುವ ಹಳೆಯ ಪುಟಗಳನ್ನು ಓದುವಾಗ ಎಚ್ಚರ ಬೇಕು. ಅಲ್ಲಿ 7 ಎಂಬ ಅಂಕೆಯ ಮುಂದೆ 'ಬ್ರಿಸ್' ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಲತೀನಿನಲ್ಲಿ 'ಸೆಪ್ತೆಮ್' ಎಂದರೆ ಏಳು. ಸೆಪ್ಟೆಂಬರ್ ಎಂಬ ಹೆಸರು ಅದರಿಂದಲೇ ಬಂದುದು. ಇದನ್ನರಿಯದೆ ನಕಲು ಮಾಡಿದರೆ ಕುಟುಂಬಗಳ ತಿಥಿಗಳು ಎರಡೆರಡು ತಿಂಗಳು ಹಿಂದಕ್ಕೆ ಸರಿಯುತ್ತವೆ.

ಇನ್ನು ನಿಯಮದ ಎರಡನೆಯ ಭಾಗ. ದುಬ್ವಾ ಸ್ವಾಮಿಗಳಿಗೆ ಜಗತ್ಪ್ರಸಿದ್ಧಿ ತಂದುದು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ಗ್ರಂಥ. ಅದರ ಇಂಗ್ಲಿಷ್ ಅನುವಾದವೂ ಪ್ರಕಟವಾಯಿತು. ಆ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಕೂರ್ದೂ ಸ್ವಾಮಿಗಳ ಹಿಂದಿನ ಹಸ್ತಪ್ರತಿಯೇ ಮೂಲವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಇದನ್ನು ಮುಚ್ಚಿಡಬೇಕೆ? ಬೇಡ. ಬಡ ಕ್ರೈಸ್ತರಿಗಾಗಿ ಅವರು ನೆಲೆಗೊಳಿಸಿದ ಬೇಸಾಯದ ಊರುಗಳು, ಸಿಡುಬಿನ ವಿರುದ್ಧ ದೇವಿ ಹಾಕಿಸಲು ಪಟ್ಟ ಶ್ರಮ, ಇವು ಆ ಶೋಧನೆಯಿಂದ ಕುಗ್ಗುವುದಿಲ್ಲ. ಮರೆತುಹೋಗಿದ್ದ ಇನ್ನೊಬ್ಬ ಗುರುವಿಗೆ ಅವರ ಪಾಲಿನ ಕೀರ್ತಿಯೂ ಸಂದಿತು. ಒಂದು ಉತ್ಪ್ರೇಕ್ಷೆ ಬಯಲಾದರೆ ನಮ್ಮ ಹತ್ತು ನಿಜಗಳನ್ನೂ ಜನ ಅನುಮಾನಿಸುತ್ತಾರೆ. ನಿಜವನ್ನು ನಾವೇ ಹೇಳಿದರೆ ಉಳಿದ ಮಾತಿಗೆ ಬಲ ಬರುತ್ತದೆ.

ಹೀಗೆಂದು ಹಿರಿಯರ ಮಾತನ್ನು ಕಡೆಗಣಿಸಬಾರದು. ಯಾವ ಕಾಗದದಲ್ಲಿಯೂ ಇಲ್ಲದ ಎಷ್ಟೋ ಸಂಗತಿಗಳು ಅವರ ನೆನಪಿನಲ್ಲಿವೆ. ಕೇಳಿದ್ದನ್ನು ಕೇಳಿದ್ದೆಂದೂ, ಯಾರಿಂದ ಕೇಳಿದ್ದೆಂದೂ ಬರೆದಿಟ್ಟರೆ ಅದೂ ದಾಖಲೆಯೇ. ಮನೆಗಳಲ್ಲಿರುವ ಹಳೆಯ ಪತ್ರ, ಭಾವಚಿತ್ರ, ಜಮೀನಿನ ಕಾಗದಗಳ ಪ್ರತಿಯನ್ನು ಧರ್ಮಕೇಂದ್ರದ ಕಚೇರಿಗೆ ಒದಗಿಸುವುದು ಶತಮಾನೋತ್ಸವದ ಒಳ್ಳೆಯ ಕಾಣಿಕೆಯಾಗುತ್ತದೆ.

ಪ್ರತಿ ನವೆಂಬರಿನಲ್ಲಿ ನಾವು ಸಮಾಧಿಭೂಮಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸುತ್ತೇವೆ. ಕಲ್ಲು ಹೊತ್ತವರು, ಸುಣ್ಣ ಅರೆದವರು, ಕೂಲಿಯ ಕಾಸಿನಲ್ಲಿ ವಂತಿಗೆ ಕೊಟ್ಟವರು ಅಲ್ಲಿ ಮಲಗಿದ್ದಾರೆ. ಅವರು ಮಾಡಿದ ಕೆಲಸವನ್ನು ದೊಡ್ಡ ಹೆಸರಿನವರೊಬ್ಬರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಚರಿತ್ರೆಯೂ ಒಂದು ಪ್ರಾರ್ಥನೆಯೇ. ಸತ್ಯವೇ ತಾನಾದ ಪ್ರಭು ನಮ್ಮ ಲೇಖನಿಯನ್ನು ನಡೆಸಲಿ.