ಮಾಟುಂಗದ ಹಿಂದಿನ ರೋಗಾಣು

ಸಾಯಂಕಾಲ ಮಾಟುಂಗದ ಅಗಲವಾದ ಬೀದಿಗಳಲ್ಲಿ ಗಾಳಿಗೆ ತಿರುಗಾಡುವ ನಮ್ಮವರಿಗೆ, ಈ ಬಡಾವಣೆಯ ಜನ್ಮಕ್ಕೆ ಕಣ್ಣಿಗೆ ಕಾಣದ ಒಂದು ರೋಗಾಣು ಕಾರಣವಾಯಿತೆಂದರೆ ನಂಬಿಕೆ ಬರುವುದು ಕಷ್ಟ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯ ಕಿಕ್ಕಿರಿದ ಮನೆಗಳಲ್ಲಿ ಜ್ವರ ಬಂದು, ಗಡ್ಡೆ ಎದ್ದು ಜನ ಸಾಯುತ್ತಿದ್ದುದನ್ನು ಕಂಡ ಡಾ. ಅಕಾಸಿಯೊ ವೀಗಸರು ಇದು ಪ್ಲೇಗೇ ಎಂದು ಸಾರಿದರು. ಊರು ಬಿಟ್ಟು ಓಡಿದವರು ಲಕ್ಷಗಟ್ಟಲೆ. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಗಾಳಿಬೆಳಕಿನ ಮನೆಗಳಿಗಾಗಿ ದಾದರ್–ಮಾಟುಂಗದ ಯೋಜನೆ ಅದರ ಕೈಯಿಂದಲೇ ಬಂತು. ಅದೇ 1898ರಲ್ಲಿ ಪ್ಲೇಗು ಬೆಂಗಳೂರನ್ನೂ ಹೊಕ್ಕಿತು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದ ಬಗೆಯನ್ನು ನಮ್ಮ ಹಿರಿಯರು ಬಲ್ಲರು.

ಈ ರೋಗದ ಬೀಜವನ್ನು ಗುರುತಿಸಿದ ಕಥೆ ಇನ್ನೂ ಸ್ವಾರಸ್ಯವಾದುದು. 1894ರ ಜೂನಿನಲ್ಲಿ ಹಾಂಗ್‌ಕಾಂಗಿಗೆ ಇಬ್ಬರು ವಿಜ್ಞಾನಿಗಳು ಬಂದರು. ಜಪಾನಿನ ಕಿಟಸಾಟೊ ಅವರಿಗೆ ಆಸ್ಪತ್ರೆಯ ಸಕಲ ಸೌಕರ್ಯ. ಪಾಸ್ತರರ ಸಂಸ್ಥೆಯಲ್ಲಿ ಕಲಿತ ಯೆರ್ಸಿನರಿಗೆ ಒಂದು ಹುಲ್ಲಿನ ಗುಡಿಸಲು! ಕಿಟಸಾಟೊ ಮುಖ್ಯವಾಗಿ ರಕ್ತದಲ್ಲಿ ಹುಡುಕಿದರು. ಯೆರ್ಸಿನರು ಶವದ ಗಡ್ಡೆಯನ್ನೇ ಸೀಳಿ ನೋಡಿದರು. ಅಲ್ಲಿ ದುಂಡುತುದಿಯ ಗಿಡ್ಡ ಕಡ್ಡಿಗಳು ಇಡಿಕಿರಿದಿದ್ದವು; ಗ್ರಾಂ ವಿಧಾನದ ಬಣ್ಣ ಅವಕ್ಕೆ ನಿಲ್ಲುತ್ತಿರಲಿಲ್ಲ. ಸತ್ತ ಇಲಿಗಳಲ್ಲಿಯೂ ಅವೇ ಕಂಡವು. ಕಿಟಸಾಟೊ ವರ್ಣನೆಯಲ್ಲಿ ಬೇರೊಂದು ಜೀವಿ ಬೆರೆತಿದ್ದಂತೆ ತೋರುತ್ತದೆ. ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಾದ ಬಹುಕಾಲ ನಡೆಯಿತು. ನನ್ನ ಮಟ್ಟಿಗೆ ಗುಡಿಸಲೇ ಗೆದ್ದಿತು.

ರೋಗಾಣುವನ್ನು ಬೆಳೆಸಲು ಬಂದುದರಿಂದಲೇ ಹಾಫ್ಕಿನರು ಮುಂಬಯಿಯಲ್ಲಿ ಅದನ್ನು ಕಾಯಿಸಿ ಕೊಂದು ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಚಿಗಟವೇ ಇದನ್ನು ಹರಡುವುದೆಂದು ಸಿಮೊಂಡರು 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ ಅನೇಕ ವರ್ಷ ನಂಬಿದವರು ಕಡಿಮೆ.

ಇನ್ನು ಹೆಸರಿನ ಮಾತು. ಬ್ಯಾಂಕಿನಲ್ಲಿ ಖಾತೆಯ ಹೆಸರು ಬದಲಾದರೆ ನಮಗೆಷ್ಟು ತಲೆನೋವು! ಈ ಜೀವಿಯದು ಬ್ಯಾಕ್ಟೀರಿಯಂ, ಬ್ಯಾಸಿಲಸ್, ಪಾಸ್ಚುರೆಲ್ಲಾ ಎಂದು ಬದಲಾಗುತ್ತ, 1944ರಲ್ಲಿ ಯೆರ್ಸಿನರ ನೆನಪಿಗೆ ಯೆರ್ಸಿನಿಯಾ ಎಂಬ ಹೊಸ ಕುಲ ಸೂಚಿತವಾಯಿತು. 1980ರ ಸುಮಾರಿಗೆ ಡಿ.ಎನ್.ಎ. ಹೋಲಿಸಿದಾಗ ಇನ್ನೊಂದು ತೊಡಕು: ಅಷ್ಟೇನೂ ಘೋರವಲ್ಲದ ಸೂಡೋಟ್ಯುಬರ್ಕ್ಯುಲೋಸಿಸ್ ರೋಗಾಣುವೂ ಇದೂ ಒಂದೇ ಜಾತಿಯೆಂದು ತಿಳಿಯಿತು. ಪ್ಲೇಗಿನದನ್ನು ಅದರ ಉಪಜಾತಿಯಾಗಿಸಬೇಕೆಂಬ ಸಲಹೆಯೂ ಬಂತು. ನಾಮಕರಣದ ಅಂತರರಾಷ್ಟ್ರೀಯ ನ್ಯಾಯಮಂಡಲಿಯು 1985ರಲ್ಲಿ ಆ ಹೊಸ ಹೆಸರನ್ನು ತಿರಸ್ಕರಿಸಿತು: ಶೀಸೆಯ ಚೀಟಿ ನೋಡಿ ಯಾವನಾದರೂ ಇದನ್ನು ಸಾಧುವೆಂದು ಭಾವಿಸಿದರೆ ಪ್ರಾಣಕ್ಕೇ ಸಂಚಕಾರವಷ್ಟೆ.