ಹದಿಹರೆಯ: ಪದರಚನೆ ಮತ್ತು ಅರ್ಥವ್ಯಾಪ್ತಿ

ಒಂದು ಸಮಾಜವು ಮನುಷ್ಯನ ಆಯುಷ್ಯವನ್ನು ಹೇಗೆ ವಿಂಗಡಿಸಿಕೊಂಡಿದೆ ಎಂಬುದಕ್ಕೆ ಅದರ ಭಾಷೆಯೇ ಮೊದಲ ಸಾಕ್ಷಿ. ಬಾಲ್ಯಕ್ಕೂ ಪ್ರೌಢಾವಸ್ಥೆಗೂ ನಡುವಣ ಕಾಲವನ್ನು ಹೆಸರಿಸುವ ‘ಹದಿಹರೆಯ’ ಎಂಬ ಪದವು ಈ ದೃಷ್ಟಿಯಿಂದ ಪರಿಶೀಲನಾರ್ಹವಾದುದು.

ಇದು ‘ಹದಿ’ ಮತ್ತು ‘ಹರೆಯ’ ಎಂಬ ಎರಡು ಘಟಕಗಳಿಂದಾದ ಸಮಾಸ. ‘ಹರೆಯ’ವು ಪ್ರಾಯ, ತಾರುಣ್ಯ ಎಂಬರ್ಥದಲ್ಲಿ ಆಡುಮಾತಿನಲ್ಲಿಯೂ ಬಳಕೆಯಲ್ಲಿದೆ, ಅದಕ್ಕೆ ವರ್ಷಗಳ ಖಚಿತ ಗಡಿಯಿಲ್ಲ. ಗಡಿಯನ್ನು ಒದಗಿಸುವುದು ‘ಹದಿ’. ಹತ್ತು ಎಂಬ ಸಂಖ್ಯೆಯು ಸಂಖ್ಯಾಸಮಾಸದಲ್ಲಿ ತಾಳುವ ಈ ರೂಪವು ಹಳಗನ್ನಡದಲ್ಲಿ ‘ಪದಿ’ ಎಂದಿತ್ತು. ಇಂಗ್ಲಿಷಿನ ‘ಟೀನೇಜ್’ ಪದದ ‘ಟೀನ್’ ಕೂಡ ಹತ್ತನ್ನೇ ಸೂಚಿಸುತ್ತದೆ. ಅದಕ್ಕೆ ಸಂವಾದಿಯಾಗಿ ರೂಪುಗೊಂಡ ಕನ್ನಡ ಪದದಲ್ಲಿ ಗಮನಾರ್ಹವಾದ ಒಂದು ವ್ಯತ್ಯಾಸವಿದೆ. ಇಂಗ್ಲಿಷಿನ ಎಣಿಕೆ 13ರಿಂದ 19ರವರೆಗೆ ಸಾಗಿದರೆ, ಕನ್ನಡದ ‘ಹದಿ’ ಹದಿಮೂರರಲ್ಲಿ ಆರಂಭವಾಗಿ ಹದಿನೆಂಟಕ್ಕೆ ಮುಗಿಯುತ್ತದೆ. ಅದರ ಹಿಂದಿನವು ಹನ್ನೊಂದು, ಹನ್ನೆರಡು, ಮುಂದಿನದು ಹತ್ತೊಂಬತ್ತು.

ಜನಪದರ ನುಡಿಯಲ್ಲಿ ಈ ಘಟ್ಟದ ಗುರುತು ಬೇರೆಯದು. ‘ಮೈನೆರೆದಳು’, ‘ದೊಡ್ಡವಳಾದಳು’ ಎಂಬ ಮಾತುಗಳು ವರ್ಷಗಳನ್ನು ಹೇಳದೆ ಒಂದು ದಿನದ ಘಟನೆಯನ್ನು ಹೇಳುತ್ತವೆ. ‘ನೆರೆ’ ಎಂದರೆ ತುಂಬು, ಪೂರ್ಣವಾಗು. ಹಳೆಯ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ಸೋದರಮಾವನು ಹಸಿರು ಸೊಪ್ಪಿನ ಗುಡ್ಲು ಹಾಕುವುದು, ಹೆಣ್ಣನ್ನು ಅದರಲ್ಲಿ ಕೂರಿಸುವುದು, ಚಿಗಳಿ, ಕೊಬ್ಬರಿಗಳನ್ನು ತಿನ್ನಿಸಿ ಆರತಿ ಎತ್ತುವುದು ಈ ಪೂರ್ಣತೆಯ ಸಂಭ್ರಮವೇ ಆಗಿದೆ. ಆದರೆ ಗುಡ್ಲಿಗೆ ಹೋದವಳು ಹುಡುಗಿ, ಹೊರಬಂದವಳು ಮದುವೆಗೆ ಸಿದ್ಧವಾದ ಹೆಣ್ಣು. ನಡುವೆ ನಿಲ್ಲಲು ಅವಳಿಗೆ ತಾವಿರಲಿಲ್ಲ.

ಆ ತಾವು ಕಾನೂನಿನ ಮೂಲಕ ನಿಧಾನವಾಗಿ ದೊರೆಯಿತು. ಮೈಸೂರು ಸಂಸ್ಥಾನದ 1894ರ ಶಿಶುವಿವಾಹ ತಡೆ ನಿಬಂಧನೆಯು 8 ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆಯು ಹೆಣ್ಣಿನ ವಿವಾಹವಯಸ್ಸನ್ನು 14 ಎಂದು ನಿಗದಿಪಡಿಸಿತು. ಸ್ವಾತಂತ್ರ್ಯಾನಂತರ, 1949ರಲ್ಲಿ ಅದು 15ಕ್ಕೆ, 1978ರಲ್ಲಿ 18ಕ್ಕೆ ಏರಿತು. ಮದುವೆಯನ್ನು ಹೀಗೆ ಮುಂದೂಡಿದ ವರ್ಷಗಳನ್ನೇ ಇಂದು ‘ಹದಿಹರೆಯ’ವೆಂದು ಕರೆಯಲಾಗುತ್ತಿದೆ.

ಕನ್ನಡದ ‘ಹದಿ’ ಮುಗಿಯುವ ಸಂಖ್ಯೆಯೂ ಕಾನೂನು ಹೆಣ್ಣಿಗೆ ವಿಧಿಸಿದ ವಿವಾಹವಯಸ್ಸೂ ಒಂದೇ ಆಗಿರುವುದು ಆಕಸ್ಮಿಕ, ಆದರೂ ಅರ್ಥಪೂರ್ಣ. ‘ಮೈನೆರೆ’ ಎಂಬುದು ದೇಹದ ಪದ, ‘ಹದಿಹರೆಯ’ವು ಕಾಲದ ಪದ. ಮೊದಲನೆಯದು ಹೆಣ್ಣಿನ ಬಾಲ್ಯ ಮುಗಿಯಿತೆಂದು ಸಾರಿದರೆ, ಎರಡನೆಯದು ಅವಳು ಬೆಳೆಯಲು, ಕಲಿಯಲು ಇನ್ನೂ ಕೆಲವು ವರ್ಷಗಳಿವೆ ಎನ್ನುತ್ತದೆ. ಆರತಿ ಎತ್ತಿದ ಮರುವಾರವೇ ಹುಡುಗಿಯು ಶಾಲೆಗೆ ಮರಳುವ ಮನೆಗಳಲ್ಲಿ ಈ ಎರಡೂ ಪದಗಳು ಒಟ್ಟಿಗೆ ಬಾಳುತ್ತಿವೆ. ಅವಳು ಮರಳದ ಮನೆಗಳಲ್ಲಿ ಹೊಸ ಪದವು ಇನ್ನೂ ನಿಘಂಟಿನಲ್ಲಿಯೇ ಉಳಿದಿದೆ.