ಬನಿಯನ್ನಿನ ಊರು, ನೊಯ್ಯಲ್ ನೀರು

ಮುಂಬಯಿಯ ನಮ್ಮ ಹಿರಿಯರು ಒಳಅಂಗಿಗೆ 'ಗಂಜಿಫ್ರಾಕು' ಎನ್ನುತ್ತಿದ್ದರು. ಮೈಸೂರು ಕಡೆಯವರು 'ಬನಿಯನ್' ಎನ್ನುತ್ತಿದ್ದರು. ಎರಡೂ ದೂರ ಸುತ್ತಿ ಬಂದ ಮಾತುಗಳೇ. ಮೊದಲನೆಯದು ಗರ್ನ್ಸಿ ಎಂಬ ದ್ವೀಪದ ಮೀನುಗಾರರು ತೊಡುತ್ತಿದ್ದ ಹೆಣೆದ ಅಂಗಿಯ ಹೆಸರು, ನಮ್ಮವರ ಬಾಯಲ್ಲಿ ತಿರುಚಿಕೊಂಡದ್ದು. ಎರಡನೆಯದರ ಮೂಲ ನಮ್ಮ ದೇಶದ 'ಬನಿಯಾ'. ವ್ಯಾಪಾರಿಗಳ ಸಡಿಲ ಅಂಗಿಯನ್ನು ಕಂಡ ಪರದೇಶದವರು ತೊಟ್ಟವರ ಹೆಸರನ್ನೇ ತೊಡುಗೆಗೆ ಇಟ್ಟರು. ಈಗಿನ ಮಕ್ಕಳು ಇವೆರಡನ್ನೂ ಕೈಬಿಟ್ಟು ಟೀ ಶರ್ಟ್ ಎನ್ನುತ್ತಾರೆ, ಅದರ ಎದೆಯ ಮೇಲೆ ಏನಾದರೂ ಬರೆದಿರಬೇಕೆಂದೂ ಬಯಸುತ್ತಾರೆ.

ಹೊರನಾಡಿನ ಕನ್ನಡ ಸಂಘಗಳಿಗೂ ಈ ಬಯಕೆ ಅಂಟಿದೆ. ರಾಜ್ಯೋತ್ಸವ ಸಮೀಪಿಸಿದರೆ ಸ್ವಯಂಸೇವಕರಿಗೆ ಹಳದಿ-ಕೆಂಪು ಅಂಗಿ ಬೇಕು, ಅದರ ಮೇಲೆ ಸಂಘದ ಹೆಸರಿನ ಅಚ್ಚು ಬೇಕು. ಅಂಗಿ ಮೆತ್ತಗಿರಬೇಕು, ಅಗ್ಗವಾಗಿಯೂ ಇರಬೇಕು. ಅಚ್ಚಿಲ್ಲದ ಈ 'ಪ್ಲೇನ್' ಮಾಲು ಎಲ್ಲಿಂದ ಬರುತ್ತದೆ ಎಂದು ಅಂಗಡಿಯವರನ್ನು ಕೇಳಿ ನೋಡಿ. ಬಹುಮಟ್ಟಿಗೆ ಒಂದೇ ಊರಿನ ಹೆಸರು ಹೇಳುತ್ತಾರೆ: ತಿರುಪ್ಪೂರು. ಆ ಊರಿನ ಕಥೆ ನಮ್ಮ ಅಂಗಿಯ ಬೆಲೆಯ ಕಥೆಯೂ ಹೌದು.

ಮಗ್ಗದಲ್ಲಿ ನೇಯ್ದ ಬಟ್ಟೆಗೆ ಹಾಸು ಹೊಕ್ಕು ಎಂಬ ಎರಡು ಎಳೆಗಳುಂಟು. ಬನಿಯನ್ ಬಟ್ಟೆಯಾದರೋ ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಹೆಣೆದದ್ದು. ಆದ್ದರಿಂದಲೇ ಅದು ಮೈಗೆ ತಕ್ಕಂತೆ ಹಿಗ್ಗುತ್ತದೆ. ಹೆಣಿಗೆಯ ಯಂತ್ರವನ್ನು 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲಕ್ಕಾಗಿ ಕಟ್ಟಿದ. 'ಹೊಸೈರಿ' ಎಂಬ ಅಂಗಡಿಯ ಮಾತಿನಲ್ಲಿ ಆ ಕಾಲುಚೀಲ ಇನ್ನೂ ಉಳಿದಿದೆ. ನಮ್ಮ ದೇಶಕ್ಕೆ ಈ ಕಸಬು ಮೊದಲು ಬಂದದ್ದು ಕಲ್ಕತ್ತೆಗೆ, 19ನೆಯ ಶತಮಾನದ ಕೊನೆಯ ದಶಕದಲ್ಲಿ. ಅತ್ತ ಅಮೆರಿಕದಲ್ಲಿ ನೌಕಾದಳದವರ ಒಳಅಂಗಿಯಾಗಿದ್ದ ಟೀ ಶರ್ಟು, 1951ರಲ್ಲಿ ಮಾರ್ಲನ್ ಬ್ರಾಂಡೊ ಅದನ್ನೇ ಮೇಲಂಗಿಯಾಗಿ ತೊಟ್ಟು ತೆರೆಯ ಮೇಲೆ ಬಂದಾಗಿನಿಂದ ಹುಡುಗರ ಮೋಹದ ಉಡುಪಾಯಿತು.

ತಿರುಪ್ಪೂರು ಕೊಯಮತ್ತೂರಿಗೆ ಪೂರ್ವದಲ್ಲಿ, ನೊಯ್ಯಲ್ ನದಿಯ ದಡದಲ್ಲಿದೆ. ಹತ್ತಿಯ ಸಂತೆಗೂ ಖಾದಿಗೂ ಮೊದಲು ಹೆಸರಾದ ಊರು. 1932ರ ಜನವರಿಯಲ್ಲಿ ಕೈಯ ಬಾವುಟವನ್ನು ಬಿಡದೆ ಪೊಲೀಸರ ಏಟಿಗೆ ಪ್ರಾಣಕೊಟ್ಟ ಕುಮಾರನ್ ಈ ಊರಿನಲ್ಲೇ ಬಿದ್ದವನು. ಸುತ್ತಲಿನ ಕೊಂಗುನಾಡಿನಲ್ಲಿ ತಲೆಮಾರುಗಳಿಂದ ಮಗ್ಗ ಹಿಡಿದ ದೇವಾಂಗರ ಮನೆಮಾತು ಕನ್ನಡವೆಂಬುದನ್ನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರೋ! ಬನಿಯನ್ ಕಾರ್ಖಾನೆ ಇಲ್ಲಿ ತಲೆಯೆತ್ತಿದ್ದು 1925ರ ಸುಮಾರಿಗೆ. ಮುಂದೆ ಹೊಲ ಬಿಟ್ಟು ಕೂಲಿಗೆ ಬಂದ ರೈತಮಕ್ಕಳು ಕೆಲಸ ಕಲಿತು, ಒಂದೆರಡು ಯಂತ್ರ ಕೊಂಡು, ತಾವೇ ಯಜಮಾನರಾದರು. ಹೆಣೆಯುವವನು ಒಬ್ಬ, ಬಣ್ಣ ಹಾಕುವವನು ಇನ್ನೊಬ್ಬ, ಕತ್ತರಿಸಿ ಹೊಲಿಯುವವನು ಮತ್ತೊಬ್ಬ. ಹೀಗೆ ಕೆಲಸ ಹಂಚಿಹೋಗಿದ್ದರಿಂದ ದೊಡ್ಡ ಬಂಡವಾಳವಿಲ್ಲದೆ ಸಾವಿರಾರು ಸಣ್ಣ ಘಟಕಗಳು ಎದ್ದವು. ಮಾಲು ಅಗ್ಗವಾಗಲು ಇದೇ ಮುಖ್ಯ ಕಾರಣ. 1970ರ ದಶಕದ ಕೊನೆಗೆ ಇಟಲಿಯ ವ್ಯಾಪಾರಿಗಳು ಬಿಳಿ ಟೀ ಶರ್ಟ್ ಹುಡುಕಿಕೊಂಡು ಬಂದ ಮೇಲೆ ಊರಿನ ಜಾತಕವೇ ಬದಲಾಯಿತು. ಈಗ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಮಾಲು ಪರದೇಶಕ್ಕೆ ಹೋಗುತ್ತದೆ. ಹೊಲಿಗೆಯ ಮೇಜಿನ ಮುಂದೆ ಕುಳಿತವರಲ್ಲಿ ಒಡಿಶಾ, ಬಿಹಾರಗಳಿಂದ ಬಂದವರು ಬಹಳ; ನಮ್ಮ ಹಾಗೆಯೇ ಊರು ಬಿಟ್ಟವರು.

ಇನ್ನು ಮೆತ್ತಗಿನ ಮಾತು. ಮೊದಲು ನೂಲನ್ನು ನೋಡಬೇಕು. ಹತ್ತಿಯ ಗಿಡ್ಡ ಎಳೆಗಳನ್ನು ಬಾಚಿ ತೆಗೆದು ನೂತದ್ದಕ್ಕೆ 'ಕೋಂಬ್ಡ್' ಎನ್ನುತ್ತಾರೆ, ಅದು ಚುಚ್ಚುವುದಿಲ್ಲ. ಆಮೇಲೆ 'ಬಯೋ ವಾಶ್'. ಕಿಣ್ವ ಹಾಕಿದ ನೀರಿನಲ್ಲಿ ತೊಳೆದಾಗ ಬಟ್ಟೆಯ ಮೇಲಿನ ಜುಂಗು ಉದುರುತ್ತದೆ, ಅಚ್ಚೂ ಸಾಫಾಗಿ ಕೂರುತ್ತದೆ. ಚದರ ಮೀಟರಿಗೆ 180 ಗ್ರಾಂ ತೂಗುವ ಬಟ್ಟೆ ನಮ್ಮ ಹವೆಗೆ ಸರಿಯಾದದ್ದು. ಅದಕ್ಕಿಂತ ತೀರ ತೆಳ್ಳಗಾದರೆ ನಾಲ್ಕು ಒಗೆತಕ್ಕೆ ಕತ್ತಿನ ಪಟ್ಟಿ ಜೋತುಬೀಳುತ್ತದೆ. (ನಮ್ಮ ಧಾರವಾಡದ ಸಂಶೋಧನೆಯಿಂದ 1972ರಲ್ಲಿ ಬಂದ 'ವರಲಕ್ಷ್ಮಿ' ಹತ್ತಿಯ ನೀಳ ಎಳೆ ಇದಕ್ಕಲ್ಲ, ಅದು ನಯವಾದ ಪಂಚೆ ಸೀರೆಗಳ ನೂಲಿಗೆ.)

ಬಣ್ಣದ ವಿಷಯಕ್ಕೆ ಬಂದರೆ ಕಥೆ ಕಹಿಯಾಗುತ್ತದೆ. ಹತ್ತಿಗೆ ಬಣ್ಣ ಹಿಡಿಯಲು ಉಪ್ಪು ಬೇಕು. ಗಾಢ ಬಣ್ಣವಾದರೆ ಒಂದು ಕಿಲೋ ಬಟ್ಟೆಗೆ ಅರ್ಧ ಕಿಲೋವಿನ ಆಜುಬಾಜು ಉಪ್ಪು. ಆ ಉಪ್ಪು ಬಟ್ಟೆಯಲ್ಲಿ ನಿಲ್ಲುವುದಿಲ್ಲ, ನೀರಿನಲ್ಲಿ ಹೋಗುತ್ತದೆ. ವರ್ಷಗಟ್ಟಲೆ ಅದು ಹೋದದ್ದು ನೊಯ್ಯಲಿಗೆ. ನದಿಯ ಕೆಳಭಾಗದ ಒರತ್ತುಪಾಳಯಂನಲ್ಲಿ 1992ರಲ್ಲಿ ಅಣೆಕಟ್ಟು ಮುಗಿಯಿತು. ಸುಮಾರು 20,000 ಎಕರೆಗೆ ನೀರುಣಿಸಬೇಕಾಗಿದ್ದ ಆ ಕೆರೆ ಬಣ್ಣದ ಕೊಳೆನೀರಿನ ತೊಟ್ಟಿಯಾಯಿತು. ಬಾವಿಗಳು ಉಪ್ಪಾದವು, ಬೆಳೆ ಕಮರಿತು. ರೈತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಒಂದು ಹನಿ ಕೊಳೆನೀರೂ ಹೊರಹೋಗಕೂಡದೆಂದು ಮದ್ರಾಸ್ ಉಚ್ಚ ನ್ಯಾಯಾಲಯ 2006ರಲ್ಲಿ ಹೇಳಿತು. ಮಾತು ನಡೆಯದಿದ್ದಾಗ 2011ರ ಜನವರಿಯಲ್ಲಿ ನೂರಾರು ಬಣ್ಣದ ಘಟಕಗಳಿಗೆ ಬೀಗ ಹಾಕಿಸಿತು. ಸಾವಿರಾರು ಕೂಲಿಕಾರರ ಒಲೆ ಆರಿದ್ದೂ ಆಗಲೇ. ಯಾರ ಕಷ್ಟ ಹೆಚ್ಚು ಎಂದು ತೂಗಿ ಹೇಳುವುದು ನಮ್ಮಂಥವರಿಗೆ ಸುಲಭವಲ್ಲ. ಆದರೂ ಹೊಲ ಕಳೆದುಕೊಂಡವನಿಗೆ ಬಟ್ಟೆ ಅಗ್ಗವಾದದ್ದರಿಂದ ಏನು ಬಂತು?

ನೊಯ್ಯಲ್ ಕೊನೆಗೆ ಸೇರುವುದು ಕಾವೇರಿಯನ್ನು. ಕೊಡಗಿನಲ್ಲಿ ಹುಟ್ಟಿದ ನಮ್ಮ ತಾಯಿಗೆ ಕರೂರಿನ ಹತ್ತಿರ ಈ ಉಪ್ಪು ಬಂದು ಕೂಡಿಕೊಂಡಿತು.

ಬೀಗ ತೆಗೆದದ್ದು ಶುದ್ಧೀಕರಣದ ಕಟ್ಟಳೆಯೊಡನೆ. ಈಗ ನೀರನ್ನು ಸೋಸಿ, ಉಳಿದದ್ದನ್ನು ಕುದಿಸಿ ಆವಿ ಮಾಡಿ, ಉಪ್ಪನ್ನೂ ನೀರನ್ನೂ ಮತ್ತೆ ಬಳಸಬೇಕು. ಅದಕ್ಕೆ ಖರ್ಚುಂಟು, ಆ ಖರ್ಚು ಅಂಗಿಯ ಬೆಲೆಯಲ್ಲಿ ಸೇರುತ್ತದೆ. ಆದ್ದರಿಂದ ಗಾಢ ಬಣ್ಣದ ಮಾಲನ್ನು ಯಾರಾದರೂ ನಂಬಲಾರದಷ್ಟು ಅಗ್ಗಕ್ಕೆ ಕೊಟ್ಟರೆ, ಬಣ್ಣ ಎಲ್ಲಿ ಹಾಕಿಸಿದಿರಿ ಎಂದು ಒಂದು ಮಾತು ಕೇಳುವುದು ತಪ್ಪಲ್ಲ. ತಿರುಪ್ಪೂರಿನ ಖಾದರ್‌ಪೇಟೆಯಲ್ಲಿ ರಫ್ತಿಗೆಂದು ಹೊಲಿದು ಮಿಕ್ಕ ಮಾಲು ಸಿಗುತ್ತದೆ. ಅದು ಅಗ್ಗವೇ ಸರಿ. ಆದರೆ ಅಳತೆ, ಬಣ್ಣಗಳು ಕಲಸಿಹೋಗಿರುತ್ತವೆ. ಐವತ್ತು ಜನ ಒಂದೇ ಸಾಲಿನಲ್ಲಿ ನಿಲ್ಲುವ ಸಮಾರಂಭಕ್ಕೆ ಒಂದೇ ಲಾಟಿನ ಬಟ್ಟೆ ಕೇಳಬೇಕು. ಇಲ್ಲವಾದರೆ ಹತ್ತು ಬಗೆಯ ಹಳದಿ ಕಾಣುತ್ತದೆ.

ನಮ್ಮ ಸಲಹೆ ಇಷ್ಟು: ಎರಡು ಬಣ್ಣದ ಅಂಗಿ ಬೇಡ. ತಿಳಿಹಳದಿಯ ಒಂದೇ ಅಂಗಿ ತರಿಸಿ, ಅದರ ಮೇಲೆ ಕೆಂಪು ಅಕ್ಷರಗಳನ್ನು ಅಚ್ಚು ಹಾಕಿಸಿದರೆ ಬಾವುಟದ ಎರಡೂ ಬಣ್ಣ ಬಂದಹಾಗಾಯಿತು, ಉಪ್ಪೂ ಕಡಿಮೆ, ದುಡ್ಡೂ ಕಡಿಮೆ. ಆದರೆ ಆರ್ಡರು ಸೆಪ್ಟೆಂಬರ್ ಮೊದಲ ವಾರದಲ್ಲೇ ಹೋಗಬೇಕು. ದೀಪಾವಳಿಗೆ ಊರಿಗೆ ಹೋದ ಹೊಲಿಗೆಯವರು ತಿರುಪ್ಪೂರಿಗೆ ಮರಳುವುದು ನಿಧಾನ.